ಐಸ್ ಹಾಕಿಯ ಗೋಡೆ

ಅವಳಿಗೆ ‘ಗೋಡೆ’ ಅಂತ ಹೆಸರು ಬಿದ್ದದ್ದು ಇಪ್ಪತ್ತೈದು ತುಂಬಿದ ಮೇಲೆ. ಅಲ್ಲಿಯವರೆಗೆ ಅವಳು ಊರ ಹೊರಗಿನ ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್, ಅಷ್ಟೇ. ಆಲೂಗಡ್ಡೆ, ಸೇಬು, ಬೆಣ್ಣೆಯ ಪೆಟ್ಟಿಗೆ ಪೇರಿಸಿಟ್ಟ ಆರು ಕೋಣೆಗಳು, ಅವುಗಳ ಹಿಂದೆ ದಿನವಿಡೀ ಗುಡುಗುವ ಮೂರು ಕಂಪ್ರೆಸರ್‌ಗಳು. ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಅವಳ ಮೈಮೇಲೆ ಸ್ವೆಟರು. ಅಮೋನಿಯಾ ಒಂದಿಷ್ಟು ಸೋರಿದರೂ ಮೀಟರಿಗಿಂತ ಮೊದಲು ಅವಳ ಮೂಗಿಗೆ ಗೊತ್ತಾಗುತ್ತಿತ್ತು. ಅವಳ ಸಿಟ್ಟೂ ಅದೇ ಮೂಗಿನ ತುದಿಯಲ್ಲಿ ಕೂತಿರುತ್ತದೆ ಎಂದು ಜೊತೆಯವರು ನಗುತ್ತಿದ್ದರು, ಅವಳು ಆ ಕಡೆ ಹೋದ ಮೇಲೆ.

ಒಂದು ಸಲ ಪೇಟೆ ನಡುವಿನ ಮಾಲ್‌ನಿಂದ ಫೋನ್ ಬಂತು. ಅದರ ಮೂರನೇ ಮಹಡಿಯಲ್ಲಿ ಮಕ್ಕಳು ಜಾರಿ ಆಡಲೆಂದು ಒಂದು ಐಸ್ ಅಂಗಳವಿತ್ತು. ಯಂತ್ರ ಕೆಟ್ಟು ಐಸೆಲ್ಲ ಕೆಸರಾಗಿದೆ, ತಮ್ಮ ಮೆಕ್ಯಾನಿಕ್ ರಜೆಯಲ್ಲಿದ್ದಾನೆ, ಯಾರನ್ನಾದರೂ ಕಳಿಸಿ ಅಂದರು. ಮ್ಯಾನೇಜರು ಇವಳನ್ನು ಕಳಿಸಿದ. ಬೆಳಗಿನ ಐದು ಗಂಟೆಗೆ ಸ್ಪ್ಯಾನರ್ ಚೀಲ ಹೆಗಲಿಗೇರಿಸಿಕೊಂಡು ಹೋದವಳು ಏಳರ ಹೊತ್ತಿಗೆ ಯಂತ್ರ ಸರಿ ಮಾಡಿ, ಅಂಗಳ ಮತ್ತೆ ಗಟ್ಟಿಯಾಗುವುದನ್ನು ನೋಡುತ್ತ ನಿಂತಳು. ಆಗ ಹೆಲ್ಮೆಟ್ ಹಾಕಿಕೊಂಡ ಹನ್ನೊಂದು ಹೆಂಗಸರು ಕೈಯಲ್ಲಿ ಕೋಲು ಹಿಡಿದು ಒಳಗೆ ಬಂದರು. ಯಾರನ್ನೋ ಹೊಡೆಯುವುದಕ್ಕೆ ಹೊರಟಿದ್ದಾರೆ ಅಂತಲೇ ಅವಳಿಗೆ ಅನ್ನಿಸಿದ್ದು.

ಅವರ ಕ್ಯಾಪ್ಟನ್ ಆಸ್ಪತ್ರೆಯೊಂದರಲ್ಲಿ ನರ್ಸ್. ಗೋಲಿನಲ್ಲಿ ನಿಲ್ಲುವವಳ ಮೊಣಕಾಲು ತಿರುಚಿ ತಿಂಗಳಾಗಿತ್ತು, ಅಭ್ಯಾಸಕ್ಕೆ ಗೋಲು ಕಾಯುವವರೇ ಇರಲಿಲ್ಲ. ನರ್ಸ್ ಇವಳ ಅಗಲವಾದ ಭುಜ ನೋಡಿ, ಇಪ್ಪತ್ತು ನಿಮಿಷ ಸುಮ್ಮನೆ ಅಡ್ಡ ನಿಂತರೆ ಸಾಕು ಅಂದಳು. ಇವಳು ಅವರು ಕೊಟ್ಟ ಹೆಲ್ಮೆಟ್ ಹಾಕಿಕೊಂಡು ಗಂಬೂಟಿನಲ್ಲೇ ನಿಂತಳು. ಪಕ್ ಅನ್ನುವ ಆ ಕಪ್ಪು ರಬ್ಬರ್ ಬಿಲ್ಲೆ ಮೊದಲ ಸಲ ಎದೆಗೆ ಬಡಿದಾಗ ಅವಳಿಗೆ ನೋವಿಗಿಂತ ಹೆಚ್ಚಾಗಿ ಬಂದದ್ದು ಸಿಟ್ಟು. ಆ ಮೇಲೆ ಒಂದನ್ನೂ ಒಳಗೆ ಬಿಡಲಿಲ್ಲ. ಕೈಗೆ ಸಿಕ್ಕರೆ ಕೈಯಲ್ಲಿ, ಇಲ್ಲವಾದರೆ ಹೊಟ್ಟೆಯಲ್ಲಿ, ಒಮ್ಮೆ ಹಣೆಯಲ್ಲೂ ತಡೆದಳು. ‘ಇವಳೇನು ಮನುಷ್ಯಳೋ ಗೋಡೆಯೋ’ ಅಂದಳು ನರ್ಸ್. ಅವತ್ತಿನಿಂದ ಅದೇ ಹೆಸರು. ಹುಟ್ಟಿದಾಗಿನಿಂದ ಎಲ್ಲರೂ ಬೈಯುತ್ತಿದ್ದ ಅವಳ ಸಿಟ್ಟಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಅವಳು ಆ ಆಟವನ್ನು ಬಿಡಲಿಲ್ಲ.

ಒಂಬತ್ತು ವರ್ಷ ಹಾಗೇ ಹೋಯಿತು. ಆ ದೇಶದಲ್ಲಿ ಹಾಕಿ ಎಂದರೆ ಹುಲ್ಲಿನ ಮೇಲೆ ಆಡುವ ಹಾಕಿ. ಐಸಿನ ಮೇಲೂ ಒಂದು ಹಾಕಿ ಇದೆ, ಅದಕ್ಕೆ ತಮ್ಮದೇ ಒಂದು ಹೆಂಗಸರ ತಂಡ ಇದೆ ಎಂದು ತಿಳಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಎಣಿಸಿದರೆ ಆ ಬೆರಳುಗಳೆಲ್ಲ ತಂಡದವರವೇ. ಏನು ಆಡುತ್ತೀಯಮ್ಮ ಎಂದು ಯಾರಾದರೂ ಕೇಳಿ, ಅವಳು ‘ಐಸ್ ಹಾಕಿ’ ಅಂದರೆ, ‘ಎಷ್ಟು ಹಾಕಬೇಕು? ಜ್ಯೂಸಿಗಾ?’ ಅನ್ನುತ್ತಿದ್ದರು. ಹೇಳಿದವರಿಗೆ ಅದು ಆಗತಾನೇ ಹುಟ್ಟಿದ ಜೋಕು. ಅವಳು ಅದನ್ನು ಸಾವಿರ ಸಲ ಕೇಳಿದ್ದಳು. ಮೊದಮೊದಲು ನಕ್ಕಳು, ಆಮೇಲೆ ತಿದ್ದಿದಳು, ಕೊನೆಗೆ ಆಟದ ಹೆಸರು ಹೇಳುವುದನ್ನೇ ಬಿಟ್ಟಳು. ರಜೆ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಎಂದು ಬರೆಯತೊಡಗಿದಳು. ಯಾಕೆಂದರೆ ಕ್ರೀಡೆಗೆಂದು ಕೊಡುವ ರಜೆಯ ಪಟ್ಟಿಯಲ್ಲಿ ಕೇರಂ ಇತ್ತು, ಹಗ್ಗ ಜಗ್ಗಾಟವಿತ್ತು, ಇವಳದ್ದು ಇರಲಿಲ್ಲ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಮ್ಮ. ಅಮ್ಮ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಮುಂಬಾಗಿಲ ಪಕ್ಕದ ಕಿಟಕಿಯ ಬೆಳಕಿಗೆ ಮಿಷಿನ್ ಹಾಕಿಕೊಂಡು ಕೂತರೆ ಬೀದಿಯ ಸಮಾಚಾರವೆಲ್ಲ ಅವಳ ಕಿವಿಯ ಮೇಲೆಯೇ ಹಾದುಹೋಗಬೇಕು. ಮಗಳ ಕಾಲಿನ ಪ್ಯಾಡು ಹರಿದಾಗ ದಪ್ಪ ಸೂಜಿ ಹಾಕಿ ಹೊಲಿದುಕೊಟ್ಟವಳೂ ಅಮ್ಮನೇ. ಇದೇನೇ ಹಾಸಿಗೆ ಎಂದು ಕೇಳಿದ್ದಳು. ಆಟದ್ದು ಎಂದಿದ್ದಳು ಮಗಳು. ಅಲ್ಲಿಗೆ ಆ ಮಾತು ಮುಗಿದಿತ್ತು.

ಹತ್ತನೇ ವರ್ಷದಲ್ಲಿ ನಾಲ್ಕು ದೇಶಗಳ ಪಂದ್ಯಾವಳಿಗೆ ಕರೆ ಬಂತು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅವಳ ಪ್ಯಾಡು ಬಿಚ್ಚಿಸಿ, ಸೋಫಾದ ಕುಶನ್ ಯಾಕೆ ಒಯ್ಯುತ್ತಿದ್ದೀರಿ ಎಂದು ಕೇಳಿದ. ಹೋದಲ್ಲಿ ಅವರಿಗೆ ಮೊದಲ ಸಲ ಪೂರಾ ಅಳತೆಯ ಅಂಗಳ ಕಂಡಿತು. ಮಾಲ್‌ನ ಅಂಗಳ ಅದರ ಮೂರನೇ ಒಂದು ಪಾಲೂ ಇರಲಿಲ್ಲ. ಮೊದಲ ಪಂದ್ಯದಲ್ಲಿ ಒಂಬತ್ತು ಗೋಲಿನಿಂದ ಸೋತರು. ಓಡಿ ಓಡಿ ಅರ್ಧ ಅಂಗಳಕ್ಕೇ ಉಸಿರು ಮುಗಿಯುತ್ತಿತ್ತು. ಎರಡನೆಯದರಲ್ಲಿ ಐದರಿಂದ. ಮೂರನೆಯದನ್ನು ಗೆದ್ದರು, ಮೂರು–ಎರಡು. ಆ ಪಂದ್ಯದಲ್ಲಿ ಅವಳ ಮೇಲೆ ನಲವತ್ತು ಹೊಡೆತ ಬಿದ್ದವು, ಮೂವತ್ತೆಂಟನ್ನು ತಡೆದಳು. ಕೊನೆಯ ಐದು ನಿಮಿಷ ಎಡಗೈಯ ಕಿರುಬೆರಳು ಮುರಿದಿತ್ತು, ಯಾರಿಗೂ ಹೇಳಲಿಲ್ಲ. ದೇಶಕ್ಕೆ ಆ ಆಟದಲ್ಲಿ ಅದೇ ಮೊದಲ ಗೆಲುವು, ಮೂರನೇ ಸ್ಥಾನ, ಕಂಚಿನ ಪದಕ. ಬಟ್ಟೆ ಬದಲಿಸುವ ಕೋಣೆಯಲ್ಲಿ ನರ್ಸ್ ಅವಳ ಬೆರಳಿಗೆ ಪಟ್ಟಿ ಕಟ್ಟುತ್ತ ಅತ್ತಳು. ಗೋಡೆ ಅಳಲಿಲ್ಲ. ಊರಿಗೆ ಹೋದ ಮೇಲೆ ಇನ್ನು ಯಾರೂ ಜ್ಯೂಸಿನ ಮಾತು ಆಡಲಾರರು ಅಂದುಕೊಂಡಳು.

ಊರಿಗೆ ಬಂದು ಬೀದಿ ತಿರುಗಿದಾಗ ಮನೆ ಮುಂದೆ ಐದಾರು ಜನ ಹೆಂಗಸರು ಸೇರಿದ್ದರು. ನಡುವೆ ಅಮ್ಮ, ಕೈಯಲ್ಲಿ ಅವತ್ತಿನ ಪತ್ರಿಕೆ, ಮುಖದಲ್ಲಿ ಈ ಹಿಂದೆ ಮಗಳು ಎಂದೂ ನೋಡದ ಬೆಳಕು. ‘ನೋಡಿ, ಎಡಗಡೆಯಿಂದ ಮೂರನೆಯವಳು. ಓಡ್ತಾ ಇದ್ದಾಳಲ್ಲ, ಮುಖ ಸರಿಯಾಗಿ ಬಂದಿಲ್ಲ. ಆದ್ರೂ ನಡಿಗೆ ನೋಡಿದ್ರೆ ಗೊತ್ತಾಗುತ್ತೆ, ಇವಳೇ ನನ್ನ ಮಗಳು’ ಅನ್ನುತ್ತಿದ್ದಳು.

ಗೋಡೆ ಬಗ್ಗಿ ನೋಡಿದಳು. ಹಸಿರು ಮೈದಾನ. ಮೊಣಕಾಲವರೆಗಿನ ಸಾಕ್ಸ್ ಹಾಕಿಕೊಂಡ ಹುಡುಗಿಯರು ಬಿಳಿ ಚೆಂಡಿನ ಹಿಂದೆ ಓಡುತ್ತಿದ್ದರು. ಮೇಲೆ ದೊಡ್ಡ ಅಕ್ಷರದಲ್ಲಿ ತಮ್ಮ ಗೆಲುವಿನ ಸುದ್ದಿ. ಕೆಳಗೆ ಯಾರದೋ ಫೋಟೋ. ಅಮ್ಮನ ಬೆರಳು ಯಾರೋ ಗುರುತಿಲ್ಲದ ಹುಡುಗಿಯ ಮೇಲಿತ್ತು.

ಅವಳು ಹೆಂಗಸರೆಲ್ಲ ಶಹಬ್ಬಾಸ್ ಹೇಳಿದ್ದನ್ನು ಕೇಳಿಸಿಕೊಂಡಳು. ಚೀಲವನ್ನು ಒಳಗೂ ಇಡಲಿಲ್ಲ, ಹಾಗೇ ತಿರುಗಿ ಬಸ್ಸು ಹತ್ತಿದಳು. ಆ ಚೀಲ ಒಬ್ಬ ಮನುಷ್ಯನಷ್ಟಿತ್ತು. ಕಂಡಕ್ಟರು ಅದಕ್ಕೂ ಟಿಕೆಟ್ ಕೊಟ್ಟ.

ಪತ್ರಿಕೆಯ ಕಚೇರಿಯಲ್ಲಿ ಕ್ರೀಡಾ ಪುಟದ ಸಂಪಾದಕ ಚಹಾ ಕುಡಿಯುತ್ತಿದ್ದ. ಒಳ್ಳೆಯ ಮನುಷ್ಯನೇ, ಎದ್ದು ಕುರ್ಚಿ ತೋರಿಸಿದ. ಫೋಟೋ ತಪ್ಪಾಗಿದೆ ಎಂದಾಗ ಒಪ್ಪಿಕೊಳ್ಳಲೂ ಹಿಂಜರಿಯಲಿಲ್ಲ. ಅವರ ತಂಡದ್ದೊಂದು ಫೋಟೋ ಬಂದಿತ್ತಂತೆ, ಅದರಲ್ಲಿ ಎಲ್ಲರೂ ಜಾಲರಿ ಮುಖವಾಡ ಹಾಕಿದ್ದರಂತೆ, ಒಬ್ಬರ ಮುಖವೂ ಕಾಣದ ಫೋಟೋ ಓದುಗರಿಗೆ ಯಾಕೆ ಅಂತ ಹಳೆಯದೊಂದು ಹಾಕಿ ಫೋಟೋ ಹುಡುಕಿ ಹಾಕಿದರಂತೆ. ‘ಹಾಕಿ ಹಾಕೀನೇ ಅಲ್ವಾ ಮೇಡಂ? ಯಾರಿಗೆ ಗೊತ್ತಾಗುತ್ತೆ?’ ಅಂದ.

ಅವಳು ಚೀಲದ ಜಿಪ್ ಎಳೆದಳು. ಒಂದೊಂದೇ ತೆಗೆದು ಅವನ ಮೇಜಿನ ಮೇಲೆ ಇಟ್ಟಳು. ಕಾಲಿನ ಪ್ಯಾಡು ಇಟ್ಟಾಗ ಚಹಾ ಲೋಟ ಸರಿಯಬೇಕಾಯಿತು. ಎದೆಯ ಕವಚ ಇಟ್ಟಾಗ ಕೀಬೋರ್ಡ್ ಮುಚ್ಚಿಹೋಯಿತು. ಆಮೇಲೆ ಕೈಗವಸು, ಮುಖವಾಡ, ಅಲಗು ಸವೆದ ಸ್ಕೇಟ್ಸ್. ಕಚೇರಿಯವರೆಲ್ಲ ಕುರ್ಚಿ ತಿರುಗಿಸಿ ನೋಡತೊಡಗಿದರು. ಕೊನೆಗೆ ಅವಳು ಪಕ್ ಇಟ್ಟಾಗ ಸಂಪಾದಕ ಅದನ್ನೆತ್ತಿಕೊಂಡು, ಇದು ಬೂಟ್ ಪಾಲಿಶ್ ಡಬ್ಬಿಯಾ ಎಂದು ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

‘ಇದು ಬಸ್ಸಿಗಿಂತ ಜೋರಾಗಿ ಬರುತ್ತೆ. ನಾನು ಅಡ್ಡ ನಿಲ್ತೀನಿ’ ಅಂದಳು, ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿ. ‘ಯಾರಿಗೆ ಗೊತ್ತಾಗುತ್ತೆ ಅಂದ್ರಲ್ಲ. ನಮ್ಮಮ್ಮ ಇವತ್ತು ಬೀದಿಯವರನ್ನೆಲ್ಲ ಸೇರಿಸಿಕೊಂಡು ಯಾರದೋ ಮಗಳನ್ನ ತೋರಿಸಿ, ಇವಳೇ ನನ್ನ ಮಗಳು ಅಂತಿದ್ಲು. ನನ್ನ ಹೆತ್ತವಳಿಗೇ ಗೊತ್ತಾಗದ ಹಾಗೆ ಮಾಡಿದ್ರಲ್ಲ ಸರ್.’

ಸಂಪಾದಕನ ಮುಖ ಬಾಡಿತು. ತಿದ್ದುಪಡಿ ಹಾಕುತ್ತೇನೆ ಅಂದ. ಮರುದಿನ ಹಾಕಿದ ಕೂಡ: ಹನ್ನೊಂದನೇ ಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ, ಎರಡು ಸಾಲು. ಅದರಲ್ಲಿ ಅವರನ್ನು ‘ಐಸ್ ಸ್ಕೇಟಿಂಗ್ ನೃತ್ಯ ತಂಡ’ ಎಂದು ಕರೆದಿತ್ತು.

ಅದನ್ನು ಅವಳು ಅಡುಗೆಮನೆಯಲ್ಲಿ ನಿಂತು ಓದಿ, ಕಾಗದವನ್ನು ಮುದ್ದೆ ಮಾಡಿ ಎಸೆದಳು, ಕೈಗೆ ಸಿಕ್ಕ ಪಾತ್ರೆಯನ್ನು ಕುಕ್ಕಿದಳು. ಪಾತ್ರೆ ಸದ್ದು ಕೇಳಿ ಅಮ್ಮ ಬಂದಳು. ಆಗ ಮಗಳು ಎಲ್ಲ ಹೇಳಿದಳು: ಆ ಫೋಟೋ ತನ್ನದಲ್ಲ, ಆ ಮೈದಾನ ತಮ್ಮದಲ್ಲ, ಆ ಆಟವೇ ಬೇರೆ, ಪತ್ರಿಕೆಯ ಕಚೇರಿಗೂ ಹೋಗಿ ಚೀಲ ಬಿಚ್ಚಿ ತೋರಿಸಿ ಬಂದೆ. ಅಮ್ಮನ ಮುಖ ಕೆಂಪಾಯಿತು. ಬೀದಿಯವರ ಮುಂದೆ ಆದ ಅವಮಾನಕ್ಕೆ ಅಂತ ಮಗಳು ಎಣಿಸಿದಳು. ಅಮ್ಮ ಸಿಟ್ಟಾದದ್ದು ಮಗಳ ಮೇಲೆ.

‘ಹತ್ತು ವರ್ಷ ಆಯ್ತು ನೀನು ಬೆಳಗಾದ್ರೆ ಎದ್ದು ಹೋಗೋಕೆ. ಆ ಹಾಸಿಗೆ ಎಷ್ಟು ಸಲ ಹೊಲಿದುಕೊಟ್ಟೆ? ಒಂದು ದಿನ ಕೂತು, ಅಮ್ಮ ಇದು ಹೀಗೆ ಅಂತ ಹೇಳಿದ್ಯಾ? ಪೇಪರಿನವನಿಗೆ ಬೈದು ಬಂದ್ಯಂತೆ. ಅವನಿಗಾದ್ರೂ ಚೀಲ ಬಿಚ್ಚಿ ತೋರಿಸಿದೆ. ನನಗೆ?’

ಗೋಡೆ ಬಗ್ಗಿ ಕಾಗದದ ಮುದ್ದೆಯನ್ನು ಎತ್ತಿಕೊಂಡಳು. ಜನ ನಕ್ಕಾರು ಎಂದು ಬಾಯಿ ಮುಚ್ಚಿಕೊಂಡವಳು ಮನೆಯಲ್ಲೂ ಮುಚ್ಚಿಕೊಂಡೇ ಇದ್ದಳಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟಳು. ಮಿಷಿನಿನ ಪೆಡಲ್ ಮಾತ್ರ ರಪರಪ ಬಡಿಯುತ್ತಿತ್ತು.

ಆ ವಾರವೇ ಕ್ರೀಡಾ ಇಲಾಖೆಯವರು ಸನ್ಮಾನ ಇಟ್ಟುಕೊಂಡಿದ್ದರು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಮತ್ತೆ ಅದೇ ಹುಲ್ಲು, ಅದೇ ಬಿಳಿ ಚೆಂಡು. ಇಲಾಖೆಯ ಸಾಹೇಬರು ಮೈಕ್ ಹಿಡಿದು ಅರ್ಧ ಗಂಟೆ ಮಾತಾಡಿದರು. ಈ ಹೆಣ್ಣುಮಕ್ಕಳು ಮೈ ಕೊರೆಯುವ ಚಳಿಯಲ್ಲೂ ಮೈದಾನಕ್ಕಿಳಿದು ಚೆಂಡನ್ನು ಅಟ್ಟಿದ್ದಾರೆ ಎಂದರು. ಒಬ್ಬೊಬ್ಬರನ್ನೇ ಕರೆದು ನೆನಪಿಗೆಂದು ಒಂದೊಂದು ಹಾಕಿ ಕೋಲು ಕೊಟ್ಟರು. ತುದಿ ಸೊಂಡಿಲಿನಂತೆ ಬಾಗಿದ, ಹುಲ್ಲಿನ ಹಾಕಿಯ ಕೋಲು. ಹತ್ತು ಜನ ತಗ್ಗಿಸಿದ ತಲೆಯಲ್ಲೇ ಇಸಿದುಕೊಂಡರು. ನರ್ಸ್ ಕೂಡ. ಹನ್ನೊಂದನೆಯವಳು ಗೋಡೆ.

ಅವಳು ಕೋಲನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಮೆಲ್ಲಗೆ ಸಾಹೇಬರ ಕುರ್ಚಿಗೆ ಒರಗಿಸಿಟ್ಟಳು. ‘ಇದು ನಮ್ಮ ಆಟದ್ದಲ್ಲ ಸರ್. ನಮ್ಮದು ಯಾವುದು ಅಂತ ತಿಳ್ಕೊಂಡು ಕರೀರಿ, ಆಗ ಬರ್ತೀನಿ’ ಅಂದಳು. ಮೈಕ್ ಹತ್ತಿರವೇ ಇತ್ತು. ಸಭಾಂಗಣದ ಕೊನೆಯ ಸಾಲಿಗೂ ಕೇಳಿಸಿತು.

ಒಬ್ಬನ ಫೋನಿನಲ್ಲಿ ಅದು ಸೆರೆಯಾಗಿ ಊರೆಲ್ಲ ಹರಿದಾಡಿತು. ಕೆಲವರು ಭೇಷ್ ಅಂದರು. ಹೆಚ್ಚಿನವರಿಗೆ ಅದು ನಗುವ ಸರಕು. ಸಾಹೇಬರ ಮುಖದ ಪಕ್ಕ ಜ್ಯೂಸಿನ ಲೋಟ ಅಂಟಿಸಿ ಕಳಿಸಿದರು. ಇಲಾಖೆಯಿಂದ ಕಾಗದ ಬಂತು: ಅಶಿಸ್ತಿಗಾಗಿ ಆರು ತಿಂಗಳು ತಂಡದ ಜೊತೆ ಆಡುವಂತಿಲ್ಲ, ಅಭ್ಯಾಸವೂ ಕೂಡದು.

ನರ್ಸ್ ಡ್ಯೂಟಿ ಬಟ್ಟೆಯಲ್ಲೇ ಮನೆಗೆ ಬಂದಳು. ಕ್ಷಮೆ ಕೇಳಿ ಎರಡು ಸಾಲು ಬರೆದುಬಿಡು, ಸಾಹೇಬರಿಗೂ ಅದೇ ಬೇಕು, ಬಾಗಿದರೆ ಬೆನ್ನೇನೂ ಮುರಿಯುವುದಿಲ್ಲ ಅಂದಳು. ‘ನಿನ್ನ ಸಿಟ್ಟು ಸರಿ ಕಣೇ. ಆದ್ರೆ ಸಿಟ್ಟು ಮನೆಯಲ್ಲಿ ಕೂತ್ರೆ ಗೋಲಲ್ಲಿ ಯಾರು ನಿಲ್ತಾರೆ?’

ಗೋಡೆ ಬರೆಯಲಿಲ್ಲ. ಅವಳ ಕೈ ಬರೆಯಲು ಒಪ್ಪಿದ್ದರೂ ಅಮ್ಮ ಬಿಡುತ್ತಿರಲಿಲ್ಲವೇನೋ. ಅಷ್ಟರಲ್ಲಿ ಅಮ್ಮ ಮಾತು ಶುರು ಮಾಡಿದ್ದಳು, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದಳು. ಒಂದು ಕಡೆಗೆ ಎಷ್ಟು ಜನ? ಆರು. ಎಷ್ಟು ಹೊತ್ತು? ಇಪ್ಪತ್ತು ನಿಮಿಷದ ಮೂರು ಸರತಿ. ಬಿದ್ದರೆ? ಏಳಬೇಕು. ಬೇರೆಯವರು ಬೇಕೆಂದೇ ಬೀಳಿಸಿದರೆ? ಹಾಗೆ ಬೀಳಿಸಿದವಳು ಎರಡು ನಿಮಿಷ ಹೊರಗೆ ಕೂರಬೇಕು. ‘ಎರಡೇ ನಿಮಿಷಾನಾ? ನಿನ್ನ ಆರು ತಿಂಗಳು ಹೊರಗೆ ಕೂರಿಸಿದ್ದಾನಲ್ಲ ಆ ಪುಣ್ಯಾತ್ಮ’ ಅಂದಳು ಅಮ್ಮ.

ಐಸಿನ ಮೇಲೆ ತಾನೇ ಆಡಬಾರದೆಂದದ್ದು? ನೆಲದ ಮೇಲೆ ನಿಲ್ಲಬಾರದು ಅಂತ ಕಾಗದದಲ್ಲಿ ಇರಲಿಲ್ಲ. ಮುಂದಿನ ಭಾನುವಾರ ಗೋಡೆ ಮಾಲ್‌ನ ಕೆಳಮಹಡಿಯ ನಡುವಿನ ಜಾಗದಲ್ಲಿ, ಮೇಲೆ ಕೆಳಗೆ ಹೋಗುವ ಮೆಟ್ಟಿಲುಗಳ ಬುಡದಲ್ಲಿ, ಪೂರ್ತಿ ಕವಚ ತೊಟ್ಟು ನಿಂತಳು. ಹಿಂದೆ ಕಬ್ಬಿಣದ ಪೈಪು ಬಗ್ಗಿಸಿ ತಾನೇ ಬೆಸುಗೆ ಹಾಕಿದ ಗೋಲು, ಅದಕ್ಕೆ ಅಮ್ಮ ಹೊಲಿದ ಬಲೆ. ಮುಂದೆ ನುಣುಪಾದ ಪ್ಲಾಸ್ಟಿಕ್ ಹಾಳೆ, ನಾಲ್ಕು ಕೋಲು, ಒಂದು ಬುಟ್ಟಿ ಪಕ್. ಯಾರು ಬೇಕಾದರೂ ಬಂದು ಹೊಡೆಯಿರಿ ಎಂದು ಬರೆದ ರಟ್ಟು. ಮಾಲ್‌ನವರು ಮೊದಲ ದಿನ ಗಾರ್ಡ್‌ನನ್ನು ಕಳಿಸಿ ಎಬ್ಬಿಸಿದರು. ನಿಮ್ಮ ಐಸ್ ಯಂತ್ರ ಇನ್ನೊಮ್ಮೆ ಕೆಟ್ಟಾಗ ಯಾರನ್ನು ಕರೆಯುತ್ತೀರಿ ಎಂದು ಅವಳು ಮ್ಯಾನೇಜರನ್ನು ಕೇಳಿದ ಮೇಲೆ ಸುಮ್ಮನಾದರು.

ಬಂದವರು ಬಹಳ ಜನ ನಗುವುದಕ್ಕೇ ಬಂದರು. ಫೋನಿನಲ್ಲಿ ನೋಡಿದ ಹೆಂಗಸು ಇವಳೇ ಎಂದು ಬೆರಳು ತೋರಿಸಿದರು. ಒಬ್ಬ ದಪ್ಪ ಮೀಸೆಯವನು ಹೆಂಡತಿ ಮಕ್ಕಳ ಎದುರು, ನಮಗೂ ಸ್ವಲ್ಪ ಐಸ್ ಹಾಕಿ ಅಂದ. ಗೋಡೆ ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಅಮ್ಮ ಎದ್ದಳು. ಬಟ್ಟೆ ಅಳೆಯುವ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

‘ಕೋಲು ತಗೊಳ್ಳಿ’ ಅಂದಳು ಅವನಿಗೆ. ‘ತಗೊಳ್ಳಿ, ಹೆದರಬೇಡಿ. ಹತ್ತು ಹೊಡೀರಿ. ಒಂದಾದ್ರೂ ಒಳಗೆ ಹೋದ್ರೆ ಇನ್ನೊಂದು ಸಲ ನಗಿ.’

ಅವನು ಹತ್ತು ಹೊಡೆದ. ಮೂರು ಗೋಲಿನ ದಿಕ್ಕಿಗೇ ಹೋಗಲಿಲ್ಲ, ಏಳನ್ನು ಗೋಡೆ ನಿಂತಲ್ಲೇ ತಡೆದಳು. ಕೊನೆಯದನ್ನು ಗವಸಿನಲ್ಲಿ ಹಿಡಿದು ಅವನ ಕಾಲಬುಡಕ್ಕೆ ಎಸೆದಳು. ಅವನ ಮಗಳು ಅಪ್ಪನ ಕೈಯಿಂದ ಕೋಲು ಕಿತ್ತುಕೊಂಡಳು. ಅವನು ಸೋತ ಮುಖದಲ್ಲಿ, ಇದು ಎಲ್ಲಿ ಆಡುತ್ತಾರೆ ಎಂದು ಕೇಳಿದ. ಮೂರನೇ ಮಹಡಿ, ನಿಮ್ಮ ನೆತ್ತಿಯ ಮೇಲೇ, ಹತ್ತು ವರ್ಷದಿಂದ ಎಂದಳು ಗೋಡೆ. ಆ ‘ಹತ್ತು ವರ್ಷ’ವನ್ನು ಅವಳು ಹಲ್ಲು ಕಚ್ಚಿ ಹೇಳಿದ್ದು ಅವನಿಗೆ ಅರ್ಥವಾಯಿತೋ ಇಲ್ಲವೋ.

ಇಪ್ಪತ್ತೆರಡು ಭಾನುವಾರ ಹೀಗೆ ನಿಂತಳು. ಸಂಜೆ ಮನೆಗೆ ಬಂದರೆ ತೊಡೆಯೆಲ್ಲ ನೀಲಿಗಟ್ಟಿರುತ್ತಿತ್ತು. ಪತ್ರಿಕೆಯ ಸಂಪಾದಕನೂ ಒಮ್ಮೆ ಬಂದು ಹೊಡೆದ, ತಾನೇ ಜಾರಿ ಬಿದ್ದ, ಅದರ ಬಗ್ಗೆ ಅರ್ಧ ಪುಟ ಬರೆದ, ಅದರಲ್ಲಿ ತಪ್ಪಿರಲಿಲ್ಲ. ಬೆಳಗಿನ ಐದಕ್ಕೆ ಮೂರನೇ ಮಹಡಿಯಲ್ಲಿ ಹೊಸ ಮುಖಗಳು ಕಾಣತೊಡಗಿದವು. ಹದಿನಾಲ್ಕು ಜೊತೆ ಸ್ಕೇಟ್ಸ್‌ಗೆ ಮೂವತ್ತು ಜನ. ಅರ್ಧ ಜನ ಕಾದು ವಾಪಸ್ಸಾದರು ಎಂದು ನರ್ಸ್ ಫೋನ್ ಮಾಡಿದಾಗ ಗೋಡೆಗೆ ಮತ್ತೆ ಸಿಟ್ಟು ಬಂತು. ಗೊತ್ತಿಲ್ಲದಿದ್ದಾಗ ಯಾರೂ ಬರಲಿಲ್ಲ, ಗೊತ್ತಾಗಿ ಬಂದರೆ ಕೊಡಲು ಏನೂ ಇಲ್ಲ. ಇಲಾಖೆಗೆ ಕಾಗದ ಬರೆದಳು, ಒಂದಲ್ಲ, ಒಂಬತ್ತು. ಒಂದಕ್ಕೂ ಉತ್ತರ ಬರಲಿಲ್ಲ.

ಹಾಗೆ ಬಂದವರಲ್ಲಿ ಮಾಲ್‌ನ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬಳು ಇಪ್ಪತ್ತೆರಡರ ಹುಡುಗಿ. ದಿನವಿಡೀ ಬಗ್ಗಿ ಕೂತು ಬೇರೆಯವರ ಕಾಲಿಗೆ ಚಪ್ಪಲಿ ತೊಡಿಸಿ ಅವಳ ಸೊಂಟ ಬಿಲ್ಲಿನಂತಾಗಿತ್ತು. ಎಲ್ಲರಿಗೂ ಹೊಡೆಯುವ ಆಸೆ. ಇವಳೊಬ್ಬಳು ಒಂದು ಭಾನುವಾರ ಕೆಳಮಹಡಿಯ ಗೋಲಿನಲ್ಲಿ ನಿಂತು ನೋಡಿ, ನಾನು ಇಲ್ಲೇ ನಿಲ್ಲುತ್ತೇನೆ ಅಂದಿದ್ದಳು. ಗೋಡೆ ಇಲ್ಲದ ತಂಡಕ್ಕೆ ಅವಳೇ ಸಿಕ್ಕಿದ್ದು.

ಆರು ತಿಂಗಳು ಮುಗಿದು ಗೋಡೆ ಐಸಿಗಿಳಿದಾಗ ಅವಳಿಗೆ ಮೂವತ್ತೈದು. ಚಪ್ಪಲಿ ಅಂಗಡಿಯವಳು ಗೋಲಿನಲ್ಲಿ ಬೆಕ್ಕಿನಂತೆ ಕೂತು, ಬೆಕ್ಕಿನಂತೆಯೇ ನೆಗೆಯುತ್ತಿದ್ದಳು. ಒಂದು ತಿಂಗಳು ಇಬ್ಬರನ್ನೂ ಸರದಿಯಲ್ಲಿ ನಿಲ್ಲಿಸಿ ನೋಡಿದರು. ಮುಂದಿನ ಪಂದ್ಯಾವಳಿಯ ಪಟ್ಟಿ ಓದುವಾಗ ನರ್ಸ್ ಗೋಡೆಯ ಮುಖ ನೋಡಲಿಲ್ಲ. ಗೋಲಿನಲ್ಲಿ ನಿಲ್ಲುವವಳು ಚಪ್ಪಲಿ ಅಂಗಡಿಯವಳು. ಗೋಡೆ ಬೆಂಚಿನ ಮೇಲೆ.

ಅವಳು ಮನೆಗೆ ಹೋಗಿ ಚೀಲವನ್ನು ಮಂಚದ ಕೆಳಗೆ ಒದ್ದಳು. ಮೂರು ದಿನ ಅಭ್ಯಾಸಕ್ಕೆ ಹೋಗಲಿಲ್ಲ. ತಾನೇ ಮಾಲ್‌ನಲ್ಲಿ ನಿಂತು ಊರನ್ನೆಲ್ಲ ಕರೆದದ್ದು, ತನ್ನ ಜಾಗ ಕೊಟ್ಟುಬಿಡುವುದಕ್ಕಾ ಎಂದು ಅಮ್ಮನ ಮೇಲೆ ಕೂಗಾಡಿದಳು. ಅಮ್ಮ ಸಮಾಧಾನ ಹೇಳಲಿಲ್ಲ. ಬಾಯಿಯಲ್ಲಿದ್ದ ಗುಂಡುಪಿನ್ನು ತೆಗೆದು, ‘ಆ ಹುಡುಗಿ ಎಡಗಡೆ ಕೆಳಗೆ ಬಂದದ್ದನ್ನ ಒಳಗೆ ಬಿಡ್ತಾಳೆ. ನಾನು ಭಾನುವಾರ ನೋಡಿದ್ದೀನಿ. ನಿನಗೆ ಕಾಣಿಸಿಲ್ವಾ?’ ಅಂದಳು.

ಕಾಣಿಸಿತ್ತು. ಮೊದಲ ದಿನವೇ ಕಾಣಿಸಿತ್ತು, ಹುಡುಗಿಗೆ ಹೇಳಿರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಐದಕ್ಕೆ ಅವಳು ಮೂರನೇ ಮಹಡಿಗೆ ಹೋದಳು. ಯಾರ ಜೊತೆಯೂ ಮಾತಾಡದೆ ಬುಟ್ಟಿಯನ್ನು ಐಸಿನ ಮೇಲೆ ಬೋರಲು ಹಾಕಿದಳು. ಐವತ್ತು ಪಕ್ ಚೆಲ್ಲಾಡಿದವು. ಗೋಲಿನಲ್ಲಿದ್ದ ಹುಡುಗಿ ಹೆದರಿ ಅಕ್ಕ ಅಂದಳು. ಗೋಡೆ ಕೋಲು ಎತ್ತಿ ಎಡಗಡೆಯ ಕೆಳಮೂಲೆಗೆ ಹೊಡೆದಳು. ಒಳಗೆ ಹೋಯಿತು. ಇನ್ನೊಂದು ಹೊಡೆದಳು, ಅದೂ ಹೋಯಿತು. ಹನ್ನೆರಡನೆಯದನ್ನು ಹುಡುಗಿ ಪಾದದ ತುದಿಯಲ್ಲಿ ತಡೆದಳು, ತಡೆದು ಮುಖವಾಡ ಮೇಲೆತ್ತಿ ನಕ್ಕಳು.

‘ನಗಬೇಡ, ಮುಖ ಮುಚ್ಚಿಕೋ’ ಎಂದು ಗದರಿ, ಗೋಡೆ ಮುಂದಿನದನ್ನು ಇನ್ನೂ ಜೋರಾಗಿ ಹೊಡೆದಳು.